ಕಸೂತಿಯಲ್ಲಿ ಪ್ರಯೋಗ: ಕಲಿಸುವುದು ಹೇಗೆ, ಪ್ರದರ್ಶನಕ್ಕೆ ಇಡುವುದು ಹೇಗೆ?

ಪ್ರಶ್ನೆ: ಧಾರವಾಡದಲ್ಲಿ ಹೊಲಿಗೆ ಕ್ಲಾಸು ನಡೆಸುತ್ತೇನೆ. ಹನ್ನೆರಡು ಮಂದಿ ಬರುತ್ತಾರೆ. ಎಲ್ಲರಿಗೂ ಕಸೂತಿ ಚೆನ್ನಾಗಿ ಗೊತ್ತು, ಕೆಲವರು ಕೌದಿಯನ್ನೂ ಹೊಲಿಯುತ್ತಾರೆ. ಎಂಟು ವಾರ ಪ್ರಯೋಗದ ಕ್ಲಾಸು ಮಾಡಿ, ಕೊನೆಗೆ ಐದು ದಿನದ ಪ್ರದರ್ಶನ ಇಡಬೇಕೆಂದಿದ್ದೇನೆ. ಆದರೆ 'ನಿಮಗೆ ತೋಚಿದ್ದು ಮಾಡಿ' ಅಂದರೆ ಎಲ್ಲರೂ ಅದೇ ನವಿಲು, ಅದೇ ಗೋಪುರ ಹಾಕುತ್ತಾರೆ. ಏನು ಕಲಿಸಲಿ? ಗೋಡೆಗೆ ತೂಗುಹಾಕುವುದು ಹೇಗೆ? ಒಬ್ಬಾಕೆ ಅಜ್ಜಿಯ ಇಳಕಲ್ ಸೀರೆ ತಂದು, ಇದರ ಮೇಲೇ ಹೊಲಿಯಲಾ ಎಂದು ಕೇಳುತ್ತಿದ್ದಾಳೆ. ಏನು ಹೇಳಲಿ?

ಉತ್ತರ: 'ತೋಚಿದ್ದು ಮಾಡಿ' ಅಂದಾಗ ಕೈ ತನಗೆ ಗೊತ್ತಿರುವುದನ್ನೇ ಮಾಡುತ್ತದೆ. ಅದನ್ನು ನಿಮ್ಮ ವಿದ್ಯಾರ್ಥಿನಿಯರ ಕಲ್ಪನೆಯ ಕೊರತೆ ಎಂದುಕೊಳ್ಳಬೇಡಿ. ಅವರಿಗೆ ಪೂರ್ತಿ ಸ್ವಾತಂತ್ರ್ಯ ಕೊಡುವ ಬದಲು, ಗೊತ್ತಿರುವ ಹೊಲಿಗೆಯ ಒಂದೇ ಒಂದು ನಿಯಮ ಬದಲಿಸಿ, ಉಳಿದದ್ದನ್ನೆಲ್ಲ ಇದ್ದಹಾಗೇ ಬಿಡಿ. ಇದಕ್ಕೆ ಕಸೂತಿಗಿಂತ ಒಳ್ಳೆಯ ಹೊಲಿಗೆ ಸಿಗುವುದು ಕಷ್ಟ, ಯಾಕೆಂದರೆ ಅದರ ನಿಯಮಗಳು ಅಷ್ಟು ಖಚಿತ. ಎಳೆ ಎಣಿಸಿಯೇ ಹಾಕಬೇಕು, ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಗಂಟು ಹಾಕುವಂತಿಲ್ಲ, ಗವಂತಿ (ಗೆರೆಯ ಹೊಲಿಗೆ) ಮತ್ತು ಮುರ್ಗಿಯಲ್ಲಿ (ಮೆಟ್ಟಿಲಿನಂತೆ ಅಂಕುಡೊಂಕಾಗಿ ಸಾಗುವ ಹೊಲಿಗೆ) ಹಿಂದುಮುಂದು ಎರಡೂ ಬದಿ ಒಂದೇ ಥರ ಕಾಣಬೇಕು. ಒಂದೊಂದು ವಾರ ಇವುಗಳಲ್ಲಿ ಒಂದನ್ನು ಮಾತ್ರ ಸಡಿಲಿಸಿ. ಎರಡು ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ, ಕಲಿಕೆ ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಮಾತು ಈಗಲೇ ಹೇಳಿಬಿಡಬೇಕು. ತೂಗುಹಾಕುವುದನ್ನು ಎಂಟನೇ ವಾರಕ್ಕೆ ಬಿಡಬೇಡಿ. ಮೇಲೆ ಎಷ್ಟು ಬಟ್ಟೆ ಬಿಡಬೇಕು, ಹಿಂಬದಿ ಕಾಣಬೇಕೇ, ತೂಕ ಎಷ್ಟು ಎಂಬುದೆಲ್ಲ ಹೊಲಿಯುವ ಮೊದಲೇ ಗೊತ್ತಿರಬೇಕು. ಹೊಲಿದು ಮುಗಿದ ಮೇಲೆ ಅಂಚಿನಲ್ಲಿ ಎರಡು ಬೆರಳಷ್ಟೂ ಬಟ್ಟೆ ಇಲ್ಲವೆಂದು ಗೊತ್ತಾದರೆ ಉಳಿಯುವುದು ಗಾಜಿನ ಫ್ರೇಮು ಒಂದೇ. ಗಾಜಿನ ಹಿಂದೆ ಹೋದರೆ ಹೊಲಿಗೆಯ ಉಬ್ಬುತಗ್ಗು ಕಾಣುವುದಿಲ್ಲ.

ಮೊದಲು ಸಾಮಾನು. ನಾಲ್ಕು ವಾರದ ಅಭ್ಯಾಸಕ್ಕೆ ಒಬ್ಬೊಬ್ಬರಿಗೆ 20 ಸೆಂ.ಮೀ. ಚೌಕದ ಐದು ಮ್ಯಾಟಿ (ನೇಯ್ಗೆಯಲ್ಲೇ ಸಣ್ಣ ಚೌಕಗಳು ಕಾಣುವ ಬಟ್ಟೆ) ತುಂಡು ಸಾಕು. ಹೊಲಿಗೆ ನಡುವಿನ 12 ಸೆಂ.ಮೀ. ಒಳಗೇ ಇರಲಿ, ಸುತ್ತ 4 ಸೆಂ.ಮೀ. ಖಾಲಿ ಬಿಡಿ. ಹನ್ನೆರಡು ಮಂದಿಗೆ 60 ತುಂಡು ಬೇಕು. 44 ಇಂಚು ಪನ್ನಾ ಇರುವ ಬಟ್ಟೆಯಲ್ಲಿ ಮೀಟರಿಗೆ 25 ತುಂಡು ಬರುವುದರಿಂದ 3 ಮೀಟರ್ ತಂದರೆ ಒಂದಿಷ್ಟು ಮಿಗುತ್ತದೆ. ದಾರ ಆರೆಳೆಯ ಹತ್ತಿಯದು, ಅದರಲ್ಲಿ ಎರಡೆಳೆ ಬಿಡಿಸಿಕೊಂಡು ಹೊಲಿಯಲಿ. ಒಂದು ಲಡಿಯಲ್ಲಿ 8 ಮೀಟರ್ ಇದ್ದರೆ ಎರಡೆಳೆಯ ಲೆಕ್ಕದಲ್ಲಿ 24 ಮೀಟರ್ ಆಗುತ್ತದೆ. ಸೂಜಿಗೆ ಪೋಣಿಸುವ ದಾರ 45 ಸೆಂ.ಮೀ. ದಾಟದಿರಲಿ. ಉದ್ದವಾದಷ್ಟೂ ಅದೇ ದಾರ ಬಟ್ಟೆಯಲ್ಲಿ ಹೆಚ್ಚು ಸಲ ಎಳೆದಾಡಿ ನವೆಯುತ್ತದೆ, ಕಪ್ಪು ದಾರದಲ್ಲಿ ಇದು ಎದ್ದು ಕಾಣುತ್ತದೆ. ಸೂಜಿ 24 ಅಥವಾ 26ನೇ ನಂಬರಿನ ಮೊಂಡು ತುದಿಯದು. ಬಣ್ಣ ಮೂರಕ್ಕಿಂತ ಹೆಚ್ಚು ಕೊಡಬೇಡಿ: ಕಪ್ಪು, ಬಿಳಿ, ಇನ್ನೊಂದು ಅವರಿಷ್ಟದ್ದು. ಬಣ್ಣ ಹೆಚ್ಚಾದಾಗ ಕಣ್ಣು ಬಣ್ಣದ ಹಿಂದೆ ಹೋಗುತ್ತದೆ, ಹೊಲಿಗೆಯಲ್ಲಿ ಏನಾಯಿತೆಂದು ನೋಡುವುದೇ ಇಲ್ಲ.

ಮೊದಲ ವಾರ ಎಣಿಕೆ ಮಾತ್ರ ಬದಲಾಗಲಿ. ಎಲ್ಲರೂ ಒಂದೇ ಸಣ್ಣ ಗೋಪುರ ಆರಿಸಿಕೊಂಡು, ಒಂದು ತುಂಡಿನಲ್ಲಿ ಒಂದು ಚೌಕಕ್ಕೊಂದು ಹೊಲಿಗೆ, ಇನ್ನೊಂದರಲ್ಲಿ ಮೂರು ಚೌಕಕ್ಕೊಂದು ಹೊಲಿಗೆಯಂತೆ ಹಾಕಲಿ. ಗೋಪುರ ಮೂರು ಪಟ್ಟು ದೊಡ್ಡದಾಗುತ್ತದೆ, ದಾರ ಮಾತ್ರ ಅಷ್ಟೇ ದಪ್ಪ ಉಳಿಯುತ್ತದೆ. ಸೀರೆಯ ಮೇಲೆ ತುಂಬಿದಂತಿದ್ದ ಚಿತ್ರ ಬರೀ ಎಲುಬಿನ ಗೂಡಾಗುತ್ತದೆ, ನಡುವೆ ಬಟ್ಟೆ ಕಾಣತೊಡಗುತ್ತದೆ. ಆ ಖಾಲಿ ಜಾಗವನ್ನು ಏನು ಮಾಡುತ್ತೀರಿ ಎಂಬ ಪ್ರಶ್ನೆ ಅವರಲ್ಲೇ ಹುಟ್ಟುತ್ತದೆ. ಇದೇ ವಾರ ಹೊಲಿಗೆಯ ದಾರಿಯನ್ನು ಚೌಕಳಿ ಕಾಗದದ ಮೇಲೆ ಬಾಣದ ಗುರುತಿನಿಂದ ಬರೆಸಿ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕಿ, ಬರುವಾಗ ಬಿಟ್ಟದ್ದನ್ನು ತುಂಬುತ್ತೇವೆ. ದಾರಿಯಲ್ಲಿ ಕವಲು ಬಂದರೆ ಅದನ್ನು ಹೋಗಿಬಂದು ಮುಗಿಸಿಯೇ ಮುಂದಕ್ಕೆ ಹೋಗಬೇಕು. ಕವಲಿನಲ್ಲಿ ಎಷ್ಟೇ ಹೊಲಿಗೆ ಇರಲಿ, ಹೋಗಿ ಬಂದಾಗ ಒಟ್ಟು ಸರಿಸಂಖ್ಯೆಯೇ ಆಗುತ್ತದೆ. ಹಾಗಾಗಿ ಮುಖ್ಯ ಸಾಲಿನ ಮೇಲೆ-ಕೆಳಗೆ ಎಂಬ ಸರದಿ ತಪ್ಪುವುದಿಲ್ಲ. ಕವಲನ್ನು ಅರ್ಧಕ್ಕೆ ಬಿಟ್ಟು ಆಮೇಲೆ ಬಂದು ಹಾಕಿದರೆ ಹಿಂಬದಿಯಲ್ಲಿ ದಾರ ಅಡ್ಡ ಹಾರುತ್ತದೆ. ಅನುಭವಿಗಳಿಗೆ ಇದು ಕೈಯಲ್ಲಿ ಗೊತ್ತು. ಆದರೆ ಕಾರಣ ಗೊತ್ತಿದ್ದವರಿಗೆ ಮಾತ್ರ ಅದನ್ನು ಬೇಕೆಂದೇ ಮುರಿಯಲು ಬರುತ್ತದೆ.

ಎರಡನೇ ವಾರದ ಪಾಠಕ್ಕೆ ಹೆಚ್ಚು ಸಮಯ ಇಡಿ, ಇಡೀ ಕ್ಲಾಸಿನ ತಿರುಳು ಇಲ್ಲಿದೆ. ಗವಂತಿಯಲ್ಲಿ ಹೋಗುವ ಹೊಲಿಗೆ ಮಾತ್ರ ಹಾಕಿ, ಬರುವುದನ್ನು ಬಿಟ್ಟುಬಿಡಿ. ಮುಂದೆ ಕಾಣುವುದು ಅರ್ಧ ಗೋಪುರ, ಹಿಂದೆ ಕಾಣುವುದು ಉಳಿದರ್ಧ. ಮುಂದೆ ಗೆರೆ ಇದ್ದಲ್ಲಿ ಹಿಂದೆ ಖಾಲಿ, ಹಿಂದೆ ಇದ್ದಲ್ಲಿ ಮುಂದೆ ಖಾಲಿ. ಇದನ್ನು ತೆಳುವಾದ ಮಲ್ ಬಟ್ಟೆಯ ಮೇಲೆ ಮಾಡಿ ಬೆಳಕಿಗೆ ಹಿಡಿದರೆ ಎರಡೂ ಕೂಡಿ ಪೂರ್ತಿ ಗೋಪುರ ಕಾಣುತ್ತದೆ, ಮುಂದಿನರ್ಧ ಗಾಢವಾಗಿ, ಹಿಂದಿನರ್ಧ ನೆರಳಾಗಿ. ಎರಡೂ ಬದಿ ಒಂದೇ ಥರ ಇರಬೇಕೆಂಬ ನಿಯಮವನ್ನು ಸಡಿಲಿಸಿದಾಗ ಆ ನಿಯಮ ಇಷ್ಟು ದಿನ ಏನು ಮಾಡುತ್ತಿತ್ತು ಎಂಬುದು ಕಣ್ಣಿಗೇ ಬೀಳುತ್ತದೆ. ಮಲ್ ಬಟ್ಟೆಯಲ್ಲಿ ಎಳೆ ಎಣಿಸುವುದು ಕಣ್ಣಿಗೆ ಹಿಂಸೆ. ಮೇಲೆ ಸಡಿಲ ನೇಯ್ಗೆಯ ಜಾಲರಿ ಬಟ್ಟೆ ಇಟ್ಟು ಕಚ್ಚಾ ಹೊಲಿಗೆ ಹಾಕಿ, ಅದರ ಕಣ್ಣುಗಳನ್ನು ಎಣಿಸಿ ಹೊಲಿದು, ಕೊನೆಗೆ ಜಾಲರಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಲಿ. ಇಲ್ಲಿ ಮೊಂಡು ಸೂಜಿ ನಡೆಯುವುದಿಲ್ಲ, ಚೂಪು ತುದಿಯದೇ ಬೇಕು. ಸೂಜಿ ಜಾಲರಿಯ ಎಳೆಯನ್ನೇ ಚುಚ್ಚಿಕೊಂಡು ಹೋದರೆ ಕೊನೆಗೆ ಎಳೆ ಹೊರಬರುವುದಿಲ್ಲ, ಕಣ್ಣಿನ ಮೂಲಕವೇ ಇಳಿಸಬೇಕು.

ಅರ್ಧ ಗವಂತಿಗೆ ಒಂದು ತೊಂದರೆ ಇದೆ. ಬರುವ ದಾರ ಇಲ್ಲದ್ದರಿಂದ ಹೋದ ದಾರಕ್ಕೆ ಹಿಡಿತವಿಲ್ಲ, ಒಂದು ತುದಿ ಎಳೆದರೆ ಇಡೀ ಸಾಲು ಸುಕ್ಕುಗಟ್ಟುತ್ತದೆ. ಆರಂಭದಲ್ಲಿ 8 ಸೆಂ.ಮೀ. ಬಾಲ ಬಿಟ್ಟು, ಕೊನೆಗೆ ಅದನ್ನು ಸೂಜಿಗೆ ಪೋಣಿಸಿ, ಅದೇ ಬಣ್ಣದ ಹೊಲಿಗೆಯ ಎರಡೆಳೆಗಳ ನಡುವೆ ಎರಡು ಸಲ ಸೀಳಿ ಹಾಯಿಸಿ ಕತ್ತರಿಸಲಿ. ಬೇರೆ ಜಾಗದಲ್ಲಿ ಮುಗಿಸಿದರೆ ಬೆಳಕಿಗೆ ಹಿಡಿದಾಗ ಕಪ್ಪು ಚುಕ್ಕೆಯಾಗಿ ಕಾಣುತ್ತದೆ.

ಮೂರನೇ ವಾರ ದಾರ ಬದಲಿಸಿ: ಸೆಣಬಿನ ಹುರಿ, ಪ್ಲಾಸ್ಟಿಕ್ ಚೀಲದ ಪಟ್ಟಿ, ಸೀರೆಯ ಅಂಚಿನಿಂದ ಬಿಚ್ಚಿದ ಎಳೆ, ತಾಮ್ರದ ತಂತಿ. ತಂತಿ 0.2ರಿಂದ 0.3 ಮಿ.ಮೀ. ದಪ್ಪದ್ದಿರಲಿ, 30 ಸೆಂ.ಮೀ. ಮೀರಿ ತೆಗೆದುಕೊಳ್ಳಬೇಡಿ. ತಂತಿ ಒಮ್ಮೆ ಮುರುಟಿತೆಂದರೆ ಮತ್ತೆ ನೆಟ್ಟಗಾಗುವುದಿಲ್ಲ. ಒಂದೇ ಜಾಗದಲ್ಲಿ ನಾಲ್ಕಾರು ಸಲ ಬಗ್ಗಿಸಿದರೆ ಗಡುಸಾಗಿ ತುಂಡಾಗುತ್ತದೆ. ನಾಲ್ಕನೇ ವಾರ ದಾರ ಹಳೆಯದೇ ಇರಲಿ, ನೆಲ, ಅಂದರೆ ಯಾವುದರ ಮೇಲೆ ಹೊಲಿಯುತ್ತೇವೋ ಅದು, ಬದಲಾಗಲಿ. ಸೊಳ್ಳೆ ಜಾಲರಿಯ ಮೇಲೆ ಹಿಂಬದಿಯ ಓಡಾಟವೆಲ್ಲ ಬಯಲಾಗುತ್ತದೆ. ಗೋಣಿಯಾದರೆ ಮೊದಲು ಸೋಪು ಹಾಕಿ ಬಿಸಿನೀರಿನಲ್ಲಿ ಎರಡು ಸಲ ಒಗೆಯಲೇಬೇಕು. ಸೆಣಬು ನೂಲುವಾಗ ಹಾಕಿದ ಎಣ್ಣೆ ಅದರಲ್ಲಿ ಉಳಿದಿರುತ್ತದೆ, ಪಕ್ಕದ ಬಟ್ಟೆಗೆ ಹತ್ತಿ ಕಲೆಯಾಗುತ್ತದೆ. ಕಾಳಿನ ಚೀಲವಾದರೆ ಹುಳುವೂ ಇರುತ್ತದೆ. ಕಾಗದದ ಮೇಲೆ ಹೊಲಿಯುವವರು ದಪ್ಪ ಕಾಗದ ತೆಗೆದುಕೊಂಡು, ತೂತುಗಳನ್ನು ಮೊದಲೇ ಚುಚ್ಚಿಕೊಳ್ಳಲಿ. ತೂತಿನಿಂದ ತೂತಿಗೆ 3 ಮಿ.ಮೀ.ಗಿಂತ ಕಡಿಮೆಯಾದರೆ ಅಂಚೆಚೀಟಿಯ ಹಾಗೆ ಸಾಲಾಗಿ ಹರಿದುಬರುತ್ತದೆ.

ಐದನೇ ವಾರಕ್ಕೆ ಕೌದಿ. ಹಳೆ ಸೀರೆಯ ಮೂರು ಪದರ, 50 ಸೆಂ.ಮೀ. ಚೌಕ, ಸಾಲಿನಿಂದ ಸಾಲಿಗೆ 1 ಸೆಂ.ಮೀ. ಒಂದರ್ಧದಲ್ಲಿ ದಾರ ಸಡಿಲ ಬಿಡಲಿ, ಇನ್ನೊಂದರ್ಧದಲ್ಲಿ ಪ್ರತಿ ಐದು ಹೊಲಿಗೆಗೊಮ್ಮೆ ಬಿಗಿದು ಎಳೆಯಲಿ. ಬಿಗಿದ ಭಾಗ ಅಲೆಯಲೆಯಾಗಿ ಎದ್ದು ಅಳತೆಯಲ್ಲಿ ಕುಗ್ಗುತ್ತದೆ. ದಾರದ ಬಿಗಿತವೂ ಒಂದು ಸಲಕರಣೆ ಎಂದು ತೋರಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಇಲ್ಲೇ ಹತ್ತಿರದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳ ಕೌದಿಯ ಚಿತ್ರಗಳನ್ನೂ ತೋರಿಸಿ. ಅವರು ಅಂಚಿನಿಂದ ಸುತ್ತುತ್ತ ನಡುವಿಗೆ ಬರುತ್ತಾರೆ. ಮೇಲಿನ ತುಂಡುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳದೆ, ಹೊಲಿಯುತ್ತಾ ಹೋದ ಹಾಗೆ ಇಡುತ್ತಾರೆ. ಅದಕ್ಕೇ ನಡುವಿನಲ್ಲಿ ಬಟ್ಟೆ ಮಿಕ್ಕಿ ಉಬ್ಬುವ ತೊಂದರೆ ಕಡಿಮೆ. ನಿಮ್ಮವರು ಮೂರೂ ಪದರ ಹಾಸಿ ಅಂಚಿನಿಂದ ಶುರುಮಾಡಿದರೆ ಮಾತ್ರ ಕೈಯಗಲಕ್ಕೊಂದು ಕಚ್ಚಾ ಹೊಲಿಗೆ ಹಾಕಿಕೊಳ್ಳುವುದು ಕಡ್ಡಾಯ.

ಬೇರೆಯವರು ಏನು ಮಾಡಿದ್ದಾರೆಂದು ತೋರಿಸುವುದಾದರೆ ಈ ಹಂತದಲ್ಲಿ ತೋರಿಸಿ. ಮೊದಲೇ ತೋರಿಸಿದರೆ ನಕಲು ಶುರುವಾಗುತ್ತದೆ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಕಲಾವಿದೆ ಶೀಲಾ ಗೌಡ ಅವರ 1998ರ ಕೃತಿಯಲ್ಲಿ ಉದ್ದುದ್ದ ದಾರಗಳು ಸೂಜಿಗಳ ಕಣ್ಣಿನಿಂದ ಹಾದು, ಕುಂಕುಮ ಮತ್ತು ಅಂಟಿನಿಂದ ಒಟ್ಟಾಗಿ ಕೆಂಪು ಹಗ್ಗವಾಗಿವೆ. ಸೂಜಿಗಳು ತುದಿಯಲ್ಲೇ ನೇತಾಡುತ್ತವೆ. ಹೊಲಿಗೆಯ ಸಾಮಾನೆಲ್ಲ ಅಲ್ಲಿದೆ, ಬಟ್ಟೆ ಮಾತ್ರ ಇಲ್ಲ. ಮೃಣಾಲಿನಿ ಮುಖರ್ಜಿ (1949–2015) ನಾರಿನ ಹುರಿಯನ್ನು ಗಂಟು ಹಾಕುತ್ತಲೇ ಆಳೆತ್ತರದ ಶಿಲ್ಪ ಕಟ್ಟಿದರು. ಇಬ್ಬರೂ ಬದಲಿಸಿದ್ದು ಯಾವ ನಿಯಮ ಎಂದು ಕ್ಲಾಸಿನಲ್ಲಿ ಕೇಳಿ, ಉತ್ತರ ನೀವು ಹೇಳಬೇಡಿ.

ಪ್ರತಿ ವಾರ ಕೊನೆಯ ಒಂದು ಗಂಟೆ ಎಲ್ಲರ ತುಂಡುಗಳನ್ನು ಗೋಡೆಗೆ ಚುಚ್ಚಿ ನೋಡುವುದಕ್ಕೆ ಮೀಸಲಿಡಿ, ಒಬ್ಬರಿಗೆ ಐದು ನಿಮಿಷ. 'ಚೆಂದ ಆಗ್ಯದ' ಎಂಬ ಮಾತನ್ನು ಆ ಗಂಟೆಯ ಮಟ್ಟಿಗೆ ಬದಿಗಿಡಿ. ನೋಡಿದವರು ಕಂಡದ್ದನ್ನಷ್ಟೇ ಹೇಳಲಿ: ಇಲ್ಲಿ ದಾರ ಬಿಗಿಯಾಗಿದೆ, ಇಲ್ಲಿ ಬಟ್ಟೆ ಕಾಣುತ್ತದೆ, ಹಿಂದೆ ಹೀಗಿದೆ. ಇದು ಪ್ರಯೋಗವೋ ಅಥವಾ ಕೈತಪ್ಪೋ ಎಂಬ ಜಗಳ ಬಂದೇ ಬರುತ್ತದೆ. ಅದಕ್ಕೊಂದು ಪರೀಕ್ಷೆ ಇದೆ. ಹೊಲಿದಾಕೆ ಅದನ್ನೇ ಪಕ್ಕದಲ್ಲಿ ಇನ್ನೊಂದು 3 ಸೆಂ.ಮೀ. ಮಾಡಿ ತೋರಿಸಲಿ. ಮತ್ತೆ ಹಾಗೇ ಬಂದರೆ ಅದು ಆಕೆಯ ಆಯ್ಕೆ, ಬಾರದಿದ್ದರೆ ಆಕಸ್ಮಿಕ. ಆಕಸ್ಮಿಕವಾಗಿ ಚೆಲುವು ಬಂದಿದ್ದರೆ ಅದನ್ನು ಬೇಕೆಂದಾಗ ತರುವುದು ಹೇಗೆ ಎಂಬುದೇ ಆಕೆಯ ಮುಂದಿನ ವಾರದ ಕೆಲಸ.

ಇನ್ನು ಇಳಕಲ್ ಸೀರೆ. ಕತ್ತರಿಸುವುದು ಬೇಡ, ನೇರವಾಗಿ ಹೊಲಿಯುವ ಮೊದಲು ಪರೀಕ್ಷೆ ಮಾಡಿ. ಒಡಲನ್ನು ಬೆಳಕಿಗೆ ಹಿಡಿದು ಸವೆದ ಜಾಗ ಗುರುತಿಸಿ, ಸೆರಗನ್ನು ಹಳೆ ಮಡಿಕೆಯ ಗೆರೆಯಲ್ಲಿ ನೋಡಿ. ಹಳೆಯ ರೇಷ್ಮೆ ಮೊದಲು ಸೀಳುವುದು ಮಡಿಕೆಯಲ್ಲೇ. ಒಡಲಿನ ಹಾಸನ್ನೂ (ಉದ್ದದ ಎಳೆಗಳು) ಸೆರಗಿನ ಹಾಸನ್ನೂ ಕೊಂಡಿ ಹಾಕಿ ಸೇರಿಸಿದ ಗೆರೆ ಇದೆಯಲ್ಲ, ಅಲ್ಲಿ ತೂಕ ಬೀಳಬಾರದು. ಬಟ್ಟೆ ಗಟ್ಟಿಯಿದ್ದರೆ ಹೊಲಿಯಬಹುದು. ಸವೆದಿದ್ದರೆ ಒಗೆದು ಹಿಗ್ಗುಕುಗ್ಗು ಮುಗಿಸಿದ ಹೊಸ ಹತ್ತಿ ಬಟ್ಟೆಯನ್ನು ಅಡಿಗೆ ಕೊಟ್ಟು, ಸೂಜಿ ಎರಡನ್ನೂ ಹಾಯುವಂತೆ ಹೊಲಿಯಲಿ. ಫೆವಿಕಾಲ್ ಬೇಡ, ಇಸ್ತ್ರಿಯಿಂದ ಅಂಟಿಸುವ ಕ್ಯಾನ್ವಾಸೂ ಬೇಡ. ಎರಡೂ ಮುಂದೆ ಬಿಡಿಸಲು ಬರುವುದಿಲ್ಲ, ಬಟ್ಟೆಯೂ ಗಡುಸಾಗುತ್ತದೆ. ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒದ್ದೆ ಬಿಳಿ ಬಟ್ಟೆಯನ್ನು ಒಂದು ಮೂಲೆಗೆ ಹತ್ತು ನಿಮಿಷ ಒತ್ತಿಡಿ. ಕೆಂಪು, ಕಪ್ಪು ಹತ್ತಿದರೆ ಆ ಸೀರೆಯನ್ನು ಒದ್ದೆ ಮಾಡುವ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಂಬಿ ಅಜ್ಜಿಯ ಸೀರೆ ಮುಳುಗಿಸಬೇಡಿ.

ಆರು ಮತ್ತು ಏಳನೇ ವಾರ ಒಬ್ಬೊಬ್ಬರದು ಒಂದೇ ಕೃತಿ. ಅಗಲ 90 ಸೆಂ.ಮೀ. ಮೀರದಿರಲಿ, ಮೇಲೆ 8 ಸೆಂ.ಮೀ., ಉಳಿದ ಮೂರು ಕಡೆ 5 ಸೆಂ.ಮೀ. ಖಾಲಿ ಬಟ್ಟೆ. ಒಂದು ಕೃತಿಗೂ ಇನ್ನೊಂದಕ್ಕೂ 60 ಸೆಂ.ಮೀ. ಅಂತರ ಬಿಟ್ಟರೆ ಹನ್ನೆರಡಕ್ಕೆ 18 ಮೀಟರ್ ಗೋಡೆ ಬೇಕು. ಹಾಲ್ ಗೊತ್ತುಮಾಡುವಾಗ ಬಾಗಿಲು, ಕಿಟಕಿ, ಸ್ವಿಚ್ ಬೋರ್ಡು ಬಿಟ್ಟು ಟೇಪು ಹಿಡಿದು ಅಳೆಯಿರಿ.

ತೂಗುಹಾಕಲು ಹೆಚ್ಚಿನವಕ್ಕೆ ಸಾಕಾಗುವ ದಾರಿ ಇದು. 12 ಸೆಂ.ಮೀ. ಅಗಲದ ಒಗೆದ ಕೋರಾ ಬಟ್ಟೆಯ ಪಟ್ಟಿಯನ್ನು ಕೃತಿಯ ಬೆನ್ನಿಗೆ, ಮೇಲಂಚಿನಿಂದ 2 ಸೆಂ.ಮೀ. ಕೆಳಗೆ, ಪರದೆಗೆ ಕೋಲು ತೂರಿಸುವ ಕೊಳವೆಯಂತೆ ಕೈಯಲ್ಲೇ ಹೊಲಿಯಿರಿ. ಪಟ್ಟಿಯನ್ನು ಬಟ್ಟೆಗೆ ಚಪ್ಪಟೆಯಾಗಿ ಹೊಲಿಯಬೇಡಿ, ಕೋಲಿನ ದಪ್ಪಕ್ಕೆ ತಕ್ಕಷ್ಟು ಸಡಿಲ ಹಿಂದಕ್ಕೆ ಬಿಡಿ. ಇಲ್ಲದಿದ್ದರೆ ಕೋಲು ಒಳಗೆ ಹೋದಾಗ ಮುಂಬದಿ ಉಬ್ಬಿ ಅಡ್ಡಗೆರೆಯಾಗುತ್ತದೆ. ಕೋಲಿಗೆ 19 ಮಿ.ಮೀ. ಅಲ್ಯೂಮಿನಿಯಂ ಪೈಪು ಒಳ್ಳೆಯದು. ಹಸಿ ಬಿದಿರು ಚೆಂದ ಕಾಣುತ್ತದೆ, ಆದರೆ ಹುಳು ಕೊರೆದು ಪುಡಿ ಉದುರುತ್ತದೆ. ಕೌದಿಯಂಥ ಭಾರದ್ದಕ್ಕೆ 5 ಸೆಂ.ಮೀ. ಅಗಲದ ವೆಲ್ಕ್ರೋ ಬಳಸಿ. ಅದರ ಮೆದು ಬದಿಯನ್ನು ಮೊದಲು ಹತ್ತಿ ಪಟ್ಟಿಗೆ ಮಶಿನ್‌ನಲ್ಲಿ ಹೊಲಿದು, ಆ ಹತ್ತಿ ಪಟ್ಟಿಯನ್ನು ಕೌದಿಗೆ ಕೈಯಲ್ಲಿ ಹೊಲಿಯಿರಿ. ಒರಟು ಬದಿಯನ್ನು ಗೋಡೆಯ ಮರದ ರೀಪಿಗೆ ಸ್ಟೇಪಲ್ ಮಾಡಿ. ಭಾರ ಇಡೀ ಅಗಲಕ್ಕೆ ಹಂಚಿಹೋಗುತ್ತದೆ, ಸೊಟ್ಟಗಾದರೆ ಎತ್ತಿ ಮತ್ತೆ ಅಂಟಿಸಬಹುದು. ಹಿಂದೆ ಅಂಟು ಇರುವ ವೆಲ್ಕ್ರೋ ತರಬೇಡಿ. ಸೂಜಿಗೆ ಅಂಟು ಮೆತ್ತುತ್ತದೆ, ಸೆಕೆಗೆ ಜಾರುತ್ತದೆ.

ಕೆಳಗಿನ ಅಂಚನ್ನು ಮಡಚಿ ಹೊಲಿಯುವ ಮೊದಲು ಕೃತಿಯನ್ನು ಎರಡು ದಿನ ತೂಗುಬಿಡಿ. ತನ್ನ ಭಾರಕ್ಕೆ ಬಟ್ಟೆ ಇಳಿಯುತ್ತದೆ, ಒತ್ತಾದ ಹೊಲಿಗೆ ಇರುವಲ್ಲಿ ಹೆಚ್ಚು, ಇಲ್ಲದಲ್ಲಿ ಕಡಿಮೆ. ಮೇಜಿನ ಮೇಲೆ ನೆಟ್ಟಗಿದ್ದ ಅಂಚು ಗೋಡೆಯ ಮೇಲೆ ಅಂಕುಡೊಂಕಾಗುವುದು ಇದರಿಂದಲೇ.

ಅರ್ಧ ಗವಂತಿಯಂಥ ಎರಡು ಬದಿಯ ಕೆಲಸವನ್ನು ಗೋಡೆಗೆ ಹಾಕಿದರೆ ಮಾಡಿದ್ದೇ ವ್ಯರ್ಥ. ಹಾಲ್ ನಡುವೆ ಇಳಿಬಿಡಿ. ಮೇಲಿನ ಕೋಲಿನ ಎರಡೂ ತುದಿಯಿಂದ ಎರಡು ಬೇರೆ ದಾರ ಮೇಲಕ್ಕೆ ಹೋಗಲಿ. ಒಂದೇ ದಾರಕ್ಕೆ ಕಟ್ಟಿದರೆ ಫ್ಯಾನಿನ ಗಾಳಿಗೆ ತಿರುಗುತ್ತಲೇ ಇರುತ್ತದೆ. ಮೀನುಗಾಳದ ನೈಲಾನ್ ದಾರದಲ್ಲಿ ಗಂಟು ಜಾರುತ್ತದೆ, ದಿನ ಕಳೆದಂತೆ ಹಿಗ್ಗುತ್ತದೆ. ತೆಳು ಸ್ಟೀಲ್ ತಂತಿ ವಾಸಿ. ಕೆಳಗೂ ಒಂದು ಸಣ್ಣ ಸರಳು ಕೊಟ್ಟರೆ ನಿಶ್ಚಲವಾಗಿ ನಿಲ್ಲುತ್ತದೆ. ಕೃತಿಯ ನಡುಭಾಗ ನೆಲದಿಂದ 145 ಸೆಂ.ಮೀ. ಆಸುಪಾಸು ಇರಲಿ.

ಬೆಳಕಿನ ವಿಷಯದಲ್ಲಿ ಹೆಚ್ಚಿನ ಪ್ರದರ್ಶನಗಳು ಸೋಲುತ್ತವೆ. ಎದುರಿನಿಂದ ಬಿದ್ದ ಟ್ಯೂಬ್‌ಲೈಟಿಗೆ ಕೌದಿ ಅಚ್ಚು ಹಾಕಿದ ಬಟ್ಟೆಯಂತೆ ಚಪ್ಪಟೆ ಕಾಣುತ್ತದೆ. ಗೋಡೆಗೆ ಹತ್ತಿರದಿಂದ, ಮೇಲಿನಿಂದ ಓರೆಯಾಗಿ ಎಲ್‌ಇಡಿ ಬಿಡಿ. ಪ್ರತಿ ಹೊಲಿಗೆಗೂ ನೆರಳು ಹುಟ್ಟುತ್ತದೆ. ಹಳೆ ರೇಷ್ಮೆ, ನೈಸರ್ಗಿಕ ಬಣ್ಣದ ಬಟ್ಟೆಗಳಿಗೆ ಸಂಗ್ರಹಾಲಯಗಳಲ್ಲಿ ಪಾಲಿಸುವ ಮಿತಿ 50 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ). ಹೊಸ ಕೆಲಸಗಳಿಗೆ ಐದು ದಿನದ ಮಟ್ಟಿಗೆ 150 ಲಕ್ಸ್ ನಡೆಯುತ್ತದೆ. ಮೊಬೈಲಿನ ಲಕ್ಸ್ ಆ್ಯಪ್ ಅಂದಾಜಿಗೆ ಸಾಕು. ಬೆಳಕಿನ ಹಾನಿ ಕೂಡುತ್ತಾ ಹೋಗುವಂಥದ್ದು. 50,000 ಲಕ್ಸ್ ಬಿಸಿಲು ಒಂದು ಗಂಟೆ ಬಿದ್ದರೆ, 50 ಲಕ್ಸ್‌ನಲ್ಲಿ ದಿನಕ್ಕೆ ಎಂಟು ಗಂಟೆಯಂತೆ 125 ದಿನ ಇಟ್ಟಷ್ಟೇ ಆಯಿತು. ಆ ಇಳಕಲ್ ಸೀರೆ ಕಿಟಕಿಯ ಎದುರು ಹೋಗಬಾರದು.

ಮಳೆಗಾಲದಲ್ಲಿ ಇಡುವುದಾದರೆ ಗೋಡೆಗೂ ಕೃತಿಗೂ ನಡುವೆ 2 ಸೆಂ.ಮೀ. ಗಾಳಿಯಾಡಲು ಬಿಡಿ, ಕಬ್ಬಿಣದ ಗುಂಡುಪಿನ್ನು ಮುಟ್ಟಿಸಬೇಡಿ. ಗಂಜಿ ಹಾಕಿ ಗರಿಗರಿ ಮಾಡಬೇಡಿ, ಜಿರಳೆ ಮತ್ತು ಬೆಳ್ಳಿಹುಳು ಬರುವುದೇ ಗಂಜಿಗೆ. ಉದ್ಘಾಟನೆಯ ದೀಪ ಹಾಲ್ ಹೊರಗೆ ಬೆಳಗಲಿ.

ಬಂದವರು ಮುಟ್ಟೇ ಮುಟ್ಟುತ್ತಾರೆ. 'ಮುಟ್ಟಬೇಡಿ' ಎಂಬ ಚೀಟಿಗಿಂತ ಬಾಗಿಲ ಬಳಿ ಒಂದು ಮೇಜು ಹಾಕಿ, ನಾಲ್ಕು ವಾರದ ಅಭ್ಯಾಸದ ತುಂಡುಗಳನ್ನು ಇಟ್ಟು 'ಮುಟ್ಟಿ, ತಿರುಗಿಸಿ ನೋಡಿ' ಎಂದು ಬರೆದಿಡಿ. ಕೈಯ ಆಸೆ ಅಲ್ಲಿ ತೀರುತ್ತದೆ. ಜೊತೆಗೆ ಯಾವ ನಿಯಮ ಬದಲಾಯಿತೆಂಬುದೂ ನೋಡುವವರಿಗೆ ತಿಳಿಯುತ್ತದೆ.

ಹೆಸರು ಚೀಟಿಯಲ್ಲಿ ಹೊಲಿದವರ ಹೆಸರು, ವರ್ಷ, ಎತ್ತರ × ಅಗಲ, ಬಟ್ಟೆ, ದಾರ, ಹೊಲಿಗೆಯ ಹೆಸರು ಇರಲಿ. ಬರೀ 'ಕಸೂತಿ' ಎನ್ನಬೇಡಿ, ಗವಂತಿ, ಮುರ್ಗಿ, ನೇಗಿ (ನೇಯ್ದಂತೆ ಕಾಣುವುದು), ಮೆಂತಿ (× ಆಕಾರದ್ದು) ಎಂದೇ ಬರೆಯಿರಿ. ಒಬ್ಬರು ಯೋಚಿಸಿ ಇನ್ನೊಬ್ಬರು ಹೊಲಿದಿದ್ದರೆ ಇಬ್ಬರ ಹೆಸರೂ ಒಂದೇ ಗಾತ್ರದ ಅಕ್ಷರದಲ್ಲಿ ಬರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಕಸೂತಿಗೂ ಸಂಡೂರಿನ ಲಂಬಾಣಿ ಕಸೂತಿಗೂ ಭೌಗೋಳಿಕ ಸೂಚಿಯ (ಜಿಐ, ಒಂದು ಪ್ರದೇಶದ ಕಸುಬಿನ ಹೆಸರಿಗೆ ಕಾನೂನು ಕೊಡುವ ಗುರುತು) ರಕ್ಷಣೆ ಇದೆ. ಕೃತಿ ಮಾರುವುದಾದರೆ ನೋಂದಣಿ ಇಲ್ಲದೆ ಆ ಗುರುತಿನ ಚಿಹ್ನೆ ಹಾಕಬೇಡಿ.

ಪ್ರದರ್ಶನ ಮುಗಿದ ಮೇಲೆ ಮಡಚಬೇಡಿ. 10 ಸೆಂ.ಮೀ. ಅಥವಾ ಅದಕ್ಕಿಂತ ದಪ್ಪದ ಪಿವಿಸಿ ಪೈಪಿಗೆ ಒಗೆದ ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಹೊಲಿಗೆಯ ಮುಖ ಹೊರಗೆ ಬರುವಂತೆ ಸುರುಳಿ ಮಾಡಿ. ಮುಖ ಒಳಗಾದರೆ ಸುಕ್ಕೆಲ್ಲ ಹೊಲಿಗೆಯ ಮೇಲೇ ಬೀಳುತ್ತದೆ. ಕನ್ನಡಿ, ಕವಡೆ, ತಂತಿ ಇರುವುದನ್ನು ಮಾತ್ರ ಚಪ್ಪಟೆಯಾಗಿ ಇಡಿ. ಗೋಣಿ ಅಥವಾ ಹಳೆ ಕೌದಿಯಲ್ಲಿ ಹುಳುವಿನ ಅನುಮಾನವಿದ್ದರೆ ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬೇಗ ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ನೀರು ಕೂತು ಬಣ್ಣ ಹರಿಯುತ್ತದೆ.